ಏನೂ ಕಳೆಯದ ಹಾಡು ಎಲ್ಲಿ ಸಿಗುತ್ತದೆ?

ಸಂಗೀತವನ್ನು ಅಂತರ್ಜಾಲದ ಮೂಲಕ ಮನೆಗೆ ಹರಿಸುವ ಕಂಪನಿಗಳು ಕೆಲವು ವರ್ಷಗಳಿಂದ ಒಂದು ಇಂಗ್ಲಿಷ್ ಪದವನ್ನು ಜೋರಾಗಿ ಕೂಗುತ್ತಿವೆ: ‘ಲಾಸ್‌ಲೆಸ್’. ನಷ್ಟವಿಲ್ಲದ್ದು, ಏನೂ ಕಳೆದುಹೋಗದ್ದು ಎಂದು ಅದರ ಅರ್ಥ. 2014ರಲ್ಲಿ ಟೈಡಲ್ ಎಂಬ ಸಂಸ್ಥೆ ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಈ ಬಗೆಯ ಸೇವೆ ಆರಂಭಿಸಿದಾಗ ಅಮೆರಿಕದ ಗ್ರಾಹಕ ತಿಂಗಳಿಗೆ ಸುಮಾರು 20 ಡಾಲರ್ ತೆರಬೇಕಿತ್ತು; ಅದು ಮಾಮೂಲಿ ಸೇವೆಗಳ ಎರಡು ಪಟ್ಟು. ಏಳು ವರ್ಷ ಕಳೆದು 2021ರ ಮೇ ತಿಂಗಳಲ್ಲಿ ಆಪಲ್ ಕಂಪನಿ ಇದನ್ನು ಹೆಚ್ಚುವರಿ ಹಣವಿಲ್ಲದೆ ಕೊಡುವುದಾಗಿ ಸಾರಿತು. ಅದೇ ದಿನ ಅಮೆಜಾನ್ ಕೂಡ ತನ್ನ ಹೆಚ್ಚುವರಿ ಶುಲ್ಕವನ್ನು ಕೈಬಿಟ್ಟಿತು. ಆ ವರ್ಷದ ಫೆಬ್ರುವರಿಯಲ್ಲೇ ಇಂಥದೇ ಘೋಷಣೆ ಮಾಡಿ ಸುಮ್ಮನಾಗಿದ್ದ ಸ್ಪಾಟಿಫೈ ಕೊಟ್ಟ ಮಾತನ್ನು ನಡೆಸಿದ್ದು 2025ರ ಸೆಪ್ಟೆಂಬರಿನಲ್ಲಿ.

ಹೀಗೆ ಸಿರಿವಂತರ ಶೋಕಿಯಾಗಿದ್ದದ್ದು ಈಗ ಸಾಮಾನ್ಯ ಕೇಳುಗನ ಎದುರಿಗೂ ಆಯ್ಕೆಯಾಗಿ ಬಂದು ನಿಂತಿದೆ. ಜಾಹೀರಾತುಗಳಲ್ಲಿ 16 ಬಿಟ್, 24 ಬಿಟ್, 44.1, 96, 192 ಎಂಬ ಅಂಕಿಗಳ ಮೆರವಣಿಗೆ. ಅಂಕಿ ದೊಡ್ಡದಾದಷ್ಟೂ ಸಂಗೀತ ಚೊಕ್ಕ ಎಂದು ಯಾರಿಗಾದರೂ ಅನಿಸುವುದು ಸಹಜ. ಆದರೆ ಈ ಅಂಕಿಗಳನ್ನು ತೂಗುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ನಷ್ಟವಿಲ್ಲ ಎಂದರೆ ಯಾವುದಕ್ಕೆ ಹೋಲಿಸಿದರೆ ನಷ್ಟವಿಲ್ಲ? ಗಾಯಕನ ಕಂಠಕ್ಕೋ, ಸ್ಟುಡಿಯೊದ ಟೇಪಿಗೋ, ಅಥವಾ ಕಂಪನಿಯ ಕೈಸೇರಿದ ಕಡತಕ್ಕೋ? ಧ್ವನಿಮುದ್ರಣದ ಚರಿತ್ರೆಯನ್ನು ಸ್ವಲ್ಪ ಕೆದಕದೆ ಇದಕ್ಕೆ ಉತ್ತರ ಸಿಗದು.

ಮೂರು ನಿಮಿಷದ ಪ್ಲೇಟು

1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕನ್ ಧ್ವನಿಮುದ್ರಕ ಲಂಡನ್ನಿನ ಗ್ರಾಮಫೋನ್ ಕಂಪನಿಯ ಪರವಾಗಿ ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ತನ್ನ ಯಂತ್ರವನ್ನು ಹೂಡಿದ. ಅಲ್ಲಿ ಹಾಡಿದವರಲ್ಲಿ ಮುಖ್ಯರಾದವರು ಗೌಹರ್ ಜಾನ್. ವಿದ್ಯುತ್ತಿನ ಮೈಕು ಇನ್ನೂ ಬಂದಿರಲಿಲ್ಲ. ಗಾಯಕಿ ದೊಡ್ಡ ಕಹಳೆಯೊಂದರ ಬಾಯಿಗೆ ಮುಖವಿಟ್ಟು ಹಾಡಬೇಕು. ಆ ದನಿಯ ಬಲದಿಂದಲೇ ಸೂಜಿ ಅದುರಿ ಮೇಣದ ಮೇಲೆ ಗೀರು ಕೊರೆಯಬೇಕು. ಪ್ಲೇಟಿನ ಒಂದು ಮಗ್ಗುಲು ತುಂಬಲು ಸುಮಾರು ಮೂರು ನಿಮಿಷ. ಕಛೇರಿಯಲ್ಲಿ ಗಂಟೆಗಟ್ಟಲೆ ಬೆಳೆಯಬಹುದಾದ ರಾಗವನ್ನು ಆಕೆ ಆ ಮೂರು ನಿಮಿಷದಲ್ಲಿ ಮಡಿಸಿಟ್ಟು, ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುತ್ತಿದ್ದರು. ಮೇಣದ ಅಚ್ಚುಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಪ್ಲೇಟುಗಳಾಗುತ್ತಿದ್ದವು. ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಿತ್ತು. ಇದೇ ಗೌಹರ್ ಜಾನ್ ಬಾಳಿನ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಪಡೆದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಪ್ಲೇಟುಗಳನ್ನು ಮಾಡುತ್ತಿದ್ದುದು ಅರಗಿನಿಂದ. ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣ ಹಿಡಿಸುವ ಅದೇ ಅರಗು. ಲೋಕಕ್ಕೆಲ್ಲ ಅದನ್ನು ಮುಖ್ಯವಾಗಿ ಒದಗಿಸುತ್ತಿದ್ದುದು ಭಾರತವೇ.

ಕಹಳೆಯ ಮೂಲಕ ಆದ ಮುದ್ರಣದಲ್ಲಿ 2,500 ಹರ್ಟ್ಸಿನಾಚೆಯ ಸೂಕ್ಷ್ಮ ಧ್ವನಿಗಳು ಹೆಚ್ಚೇನೂ ಉಳಿಯುತ್ತಿರಲಿಲ್ಲ. ಮನುಷ್ಯನ ಕಿವಿ ಕೇಳಬಲ್ಲದ್ದು 20,000 ಹರ್ಟ್ಸಿನವರೆಗೆ. ತಂಬೂರಿಯ ಜೀವಾಳಿ, ತಬಲದ ಕಿನಾರಿನ ನಾದ ಎಲ್ಲವೂ ಅಲ್ಲಿ ಬಹುಮಟ್ಟಿಗೆ ಗೈರುಹಾಜರು. ಆದರೂ ಅಂದಿನ ಜನ ‘ನಷ್ಟ’ದ ಮಾತಾಡಿದಂತಿಲ್ಲ, ಬೇಕೆಂದಾಗ ಗೌಹರ್ ಜಾನರ ದನಿ ಮನೆಯಲ್ಲಿ ಕೇಳಿಸಿದ್ದೇ ಅವರಿಗೆ ಪವಾಡ. ನಷ್ಟ ಕಿವಿಗಷ್ಟೇ ಆದದ್ದಲ್ಲ, ಸಂಗೀತದ ಆಕಾರಕ್ಕೂ ಆಯಿತು. ಮಲ್ಲಿಕಾರ್ಜುನ ಮನ್ಸೂರರ 1930ರ ದಶಕದ ಎಚ್‌ಎಂವಿ ಪ್ಲೇಟುಗಳನ್ನೂ ಅವರ ಇಳಿವಯಸ್ಸಿನ ಕಛೇರಿಗಳ ಮುದ್ರಣಗಳನ್ನೂ ಅಕ್ಕಪಕ್ಕ ಇಟ್ಟು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1925ರಲ್ಲಿ ಮೈಕು ಬಂದು ದನಿ ತುಂಬಿಕೊಂಡಿತು, 1948ರಲ್ಲಿ ಎಲ್‌ಪಿ ಬಂದು ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ದಾಟಿತು. 1963ರ ಕ್ಯಾಸೆಟ್ಟು ಗುಣದಲ್ಲಿ ಒಂದು ಮೆಟ್ಟಿಲು ಕೆಳಗೇ. ಆದರೆ ಕ್ಯಾಸೆಟ್ಟಿನ ‘ಸ್’ ಎಂಬ ಸದ್ದಿನ ನಡುವೆಯೇ ಕನ್ನಡದ ಭಾವಗೀತೆ ಮನೆಮನೆಗೆ ಹೋಯಿತು. 1978ರ ‘ನಿತ್ಯೋತ್ಸವ’ದಿಂದ ಆರಂಭವಾದ ಆ ಸುಗ್ಗಿಯನ್ನು ಗುಣಮಟ್ಟದ ಹೆಸರಿನಲ್ಲಿ ಹಳಿಯುವವರು ಯಾರೂ ಇರಲಾರರು.

44,100ರ ಗುಟ್ಟು

ಇಂದು ‘ಲಾಸ್‌ಲೆಸ್’ ಎಂದಾಗ ಕಂಪನಿಗಳ ಮನಸ್ಸಿನಲ್ಲಿರುವ ಮೂಲಮಾನ ಒಂದೇ: 1982ರ ಅಕ್ಟೋಬರಿನಲ್ಲಿ ಜಪಾನಿನ ಅಂಗಡಿಗಳಿಗೆ ಬಂದ ಕಾಂಪ್ಯಾಕ್ಟ್ ಡಿಸ್ಕ್, ಅಂದರೆ ಸಿ.ಡಿ. ಫಿಲಿಪ್ಸ್ ಮತ್ತು ಸೋನಿ ಕೂಡಿ ರೂಪಿಸಿದ ಈ ತಟ್ಟೆಯಲ್ಲಿ ಧ್ವನಿ ಗೀರಾಗಿ ಇರುವುದಿಲ್ಲ, ಲೆಕ್ಕವಾಗಿ ಇರುತ್ತದೆ. ಧ್ವನಿಯ ಅಲೆಯ ಎತ್ತರವನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ, ಎಂದರೆ 65,536 ಮೆಟ್ಟಿಲುಗಳ ಏಣಿಯಲ್ಲಿ ಒಂದು ಮೆಟ್ಟಿಲಾಗಿ ಬರೆದಿಡುತ್ತಾರೆ.

44,100 ಎಂಬ ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಅರ್ಧ ಕಾರಣ ಗಣಿತ. ಒಂದು ಅಲೆಯನ್ನು ಮರಳಿ ಕಟ್ಟಬೇಕಾದರೆ ಅದರ ಕಂಪನದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದಿರಬೇಕು ಎಂದು ಹ್ಯಾರಿ ನೈಕ್ವಿಸ್ಟ್ 1928ರಲ್ಲೂ ಕ್ಲಾಡ್ ಶ್ಯಾನನ್ 1949ರಲ್ಲೂ ಬರೆದ ಪ್ರಬಂಧಗಳಿಂದ ಸ್ಥಿರವಾಗಿತ್ತು. ಕಿವಿಯ ಮೇರೆ 20,000 ಆದರೆ 40,000ಕ್ಕಿಂತ ತುಸು ಹೆಚ್ಚು ಸಾಕು. ಇನ್ನರ್ಧ ಕಾರಣ ಬರಿಯ ಅನುಕೂಲ. ಆ ಕಾಲದಲ್ಲಿ ಅಷ್ಟು ಲೆಕ್ಕವನ್ನು ತುಂಬಿಡಲು ಕೈಗೆ ಸಿಗುತ್ತಿದ್ದುದು ವಿಡಿಯೊ ಟೇಪು. ಟೆಲಿವಿಷನ್ ಚಿತ್ರದ ಗೆರೆಯೊಂದಕ್ಕೆ ಮೂರು ಅಳತೆ, ಒಂದು ಸಲಕ್ಕೆ 245 ಗೆರೆ, ಸೆಕೆಂಡಿಗೆ 60 ಸಲ, ಗುಣಿಸಿದರೆ 44,100. ಇಂದು ಪರಮಪ್ರಮಾಣವೆಂಬಂತೆ ಆರಾಧಿಸಲಾಗುವ ಅಂಕಿಯ ಹಿಂದೆ ಹಳೆಯ ಟಿ.ವಿ. ಟೇಪಿನ ಅಗಲವಿದೆ!

ಎರಡು ಕಿವಿಗಳಿಗೆ ಎರಡು ಸಾಲು ಲೆಕ್ಕ ಎಂದರೆ ಸೆಕೆಂಡಿಗೆ 14,11,200 ಬಿಟ್. ತಟ್ಟೆಯಲ್ಲಿ ಇದು ಭಾರವಲ್ಲ. ಆದರೆ 1990ರ ದಶಕದ ಮಧ್ಯಭಾಗದ ಟೆಲಿಫೋನ್ ಮೋಡೆಮ್ ಸೆಕೆಂಡಿಗೆ 28,800 ಬಿಟ್ ಒಯ್ಯುತ್ತಿತ್ತು. ನಾಲ್ಕು ನಿಮಿಷದ ಹಾಡು ಮನೆ ತಲುಪಲು ಮೂರು ಗಂಟೆಗೂ ಮಿಕ್ಕಿ ಬೇಕು. ಏನನ್ನಾದರೂ ಬಿಡಲೇಬೇಕಿತ್ತು.

ಏನನ್ನು ಬಿಡುವುದು ಎಂಬುದನ್ನು ಯಂತ್ರದ ಬಲಹೀನತೆಗೆ ಒಪ್ಪಿಸದೆ, ಕಿವಿಯ ಬಲಹೀನತೆಯನ್ನು ನೋಡಿ ತೀರ್ಮಾನಿಸಿದ್ದು ಈ ಚರಿತ್ರೆಯ ದೊಡ್ಡ ತಿರುವು. ಜಾತ್ರೆಯಲ್ಲಿ ಡೊಳ್ಳು ಬಡಿಯುವಾಗ ಪಕ್ಕದವನ ಪಿಸುಮಾತು ಕೇಳಿಸದು. ಕೇಳಿಸದ ಪಿಸುಮಾತಿಗೆ ಬಿಟ್‌ಗಳನ್ನು ಏಕೆ ಸುರಿಯಬೇಕು? ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಈ ದಾರಿಯ ಸಂಶೋಧನೆಗೆ ಮುಂದಾಳಾದವರಲ್ಲಿ ಒಬ್ಬರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದ ಎನ್.ಎಸ್. ಜಯಂತ್. ಜೇಮ್ಸ್ ಜಾನ್‌ಸ್ಟನ್ ಮತ್ತು ರಾಬರ್ಟ್ ಸಫ್ರಾನೆಕ್ ಜೊತೆಗೂಡಿ, ಮನುಷ್ಯನ ಗ್ರಹಿಕೆಯನ್ನು ಆಧರಿಸಿ ಸಂಕೇತಗಳನ್ನು ಕುಗ್ಗಿಸುವ ಬಗೆಯನ್ನು ಕುರಿತು ಅವರು 1993ರಲ್ಲಿ ಬರೆದ ಪ್ರಬಂಧ ಈ ಕ್ಷೇತ್ರದ ಮೂಲಗ್ರಂಥಗಳ ಸಾಲಿನದು. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಮತ್ತು ಸಂಗಡಿಗರು ದುಡಿದು ಎಂಪಿ3 ಎಂಬ ರೂಪಕ್ಕೆ ಕಾರಣರಾದರು. ಕಡತಗಳಿಗೆ ಆ ಹೆಸರು ನಿಂತದ್ದು 1995ರ ಜುಲೈಯಲ್ಲಿ. ಅಮೆರಿಕದ ಗಾಯಕಿ ಸುಜಾನ್ ವೇಗಾ ಪಕ್ಕವಾದ್ಯವಿಲ್ಲದೆ ಹಾಡಿದ ಗೀತೆಯೊಂದನ್ನು ಬ್ರಾಂಡೆನ್‌ಬರ್ಗ್ ಪದೇ ಪದೇ ಪರೀಕ್ಷೆಗೆ ಬಳಸಿದ ಕಥೆ ಪ್ರಸಿದ್ಧ. ಒಂಟಿ ದನಿಯಲ್ಲಿ ದೋಷ ಅಡಗಿಕೊಳ್ಳಲು ಮರೆಯೇ ಇರುವುದಿಲ್ಲ.

ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಎಂದರೆ ಸಿ.ಡಿ.ಯ ಹನ್ನೊಂದನೆಯ ಒಂದು ಪಾಲು. ಅಷ್ಟು ಹಿಂಡಿದಾಗ ತಪ್ಪುಗಳು ಕೇಳಿಸುತ್ತವೆ: ಚಪ್ಪಾಳೆ ನೀರಿನ ಸದ್ದಾಗುತ್ತದೆ, ಘಟದ ಪೆಟ್ಟಿನಂಥ ಚುರುಕು ಶಬ್ದಕ್ಕೆ ಮುಂಚೆಯೇ ಅದರ ನೆರಳು ಬಂದುಬಿಡುತ್ತದೆ. 320 ಕಿಲೋಬಿಟ್‌ಗೆ ಏರಿಸಿದರೆ ಬಹುತೇಕ ಜನರಿಗೆ ಬಹುತೇಕ ಸಂಗೀತದಲ್ಲಿ ವ್ಯತ್ಯಾಸ ಹಿಡಿಯಲಾಗದು. ಎಂಪಿ3ಯನ್ನು ಖಳನಾಯಕನಂತೆ ಚಿತ್ರಿಸುವುದು ಅನ್ಯಾಯ. ಅದರ ದೊಡ್ಡ ಕುಂದು ಬೇರೆ: ಒಮ್ಮೆ ಬಿಟ್ಟದ್ದನ್ನು ಮತ್ತೆ ತರಲಾಗದು. ಎಂಪಿ3ಯಿಂದ ಇನ್ನೊಂದು ಎಂಪಿ3 ಮಾಡಿದರೆ ನಷ್ಟದ ಮೇಲೆ ನಷ್ಟ ಕೂಡುತ್ತದೆ.

ಹಾಲಿನ ಲೆಕ್ಕ

ಹಾಗಾದರೆ ಏನನ್ನೂ ಬಿಡದೆ ಕುಗ್ಗಿಸಲು ಸಾಧ್ಯವೇ? ಸಾಧ್ಯ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಗೃಹಿಣಿಗೆ ಈ ಉಪಾಯ ಗೊತ್ತೇ ಇದೆ. ದಿನವೂ ಒಂದು ಲೀಟರ್ ಎಂದು ಮೂವತ್ತು ಸಲ ಬರೆಯುವುದಿಲ್ಲ. ನೆಂಟರು ಬಂದು ಎರಡು ಲೀಟರ್ ಕೊಂಡ ದಿನ, ಊರಿಗೆ ಹೋಗಿ ಹಾಲು ಬೇಡವೆಂದ ದಿನ, ಇಷ್ಟನ್ನೇ ಗುರುತು ಹಾಕುತ್ತಾರೆ. ತಿಂಗಳ ಕೊನೆಗೆ ಅಷ್ಟರಿಂದಲೇ ಪೂರ್ಣ ಲೆಕ್ಕ ಪೈಸೆ ತಪ್ಪದೆ ಹೊರಡುತ್ತದೆ. ಸಂಗೀತದಲ್ಲೂ ಹೀಗೆಯೇ: ಹಿಂದಿನ ಕೆಲವು ಅಳತೆಗಳನ್ನು ನೋಡಿ ಮುಂದಿನದನ್ನು ಊಹಿಸುವುದು, ಊಹೆ ಎಷ್ಟು ತಪ್ಪಿತೋ ಅಷ್ಟನ್ನು ಮಾತ್ರ ಬರೆದಿಡುವುದು. ಸಣ್ಣ ಸಣ್ಣ ತಪ್ಪುಗಳನ್ನು ಚಿಕ್ಕ ಸಂಕೇತಗಳಲ್ಲಿ ಬರೆಯುವ ಕ್ರಮವನ್ನು ರೂಪಿಸಿದವರು ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ರಾಬರ್ಟ್ ರೈಸ್. 1970ರ ದಶಕದಲ್ಲಿ, ಬಾಹ್ಯಾಕಾಶ ನೌಕೆಗಳು ಕಳಿಸುವ ಚಿತ್ರಗಳಿಗಾಗಿ. ಕೇಂಬ್ರಿಜ್‌ನ ಟೋನಿ ರಾಬಿನ್‌ಸನ್ ಅದನ್ನು ಧ್ವನಿಗೆ ಹೊಂದಿಸಿ ‘ಶಾರ್ಟನ್’ ಎಂಬ ತಂತ್ರಾಂಶ ಮಾಡಿದರು. 2001ರಲ್ಲಿ ಜೋಶ್ ಕೋಲ್ಸನ್ ಎಂಬ ತಂತ್ರಾಂಶಕಾರ ‘ಫ್ಲ್ಯಾಕ್’ ಎಂಬ ರೂಪವನ್ನು ಪೂರ್ಣಗೊಳಿಸಿ ಯಾರು ಬೇಕಾದರೂ ಹಣ ಕೊಡದೆ ಬಳಸಬಹುದೆಂದು ಬಿಟ್ಟುಕೊಟ್ಟರು. ಇಂದು ಟೈಡಲ್, ಸ್ಪಾಟಿಫೈಗಳು ಕೋಟ್ಯಂತರ ಜನಕ್ಕೆ ಕಳಿಸುವ ಲಾಸ್‌ಲೆಸ್ ಸಂಗೀತ ಈ ಬಿಟ್ಟಿ ಪೆಟ್ಟಿಗೆಯಲ್ಲೇ ಪ್ರಯಾಣ ಮಾಡುತ್ತದೆ. ಆಪಲ್ ಮಾತ್ರ 2004ರಲ್ಲಿ ತನ್ನದೇ ಬೇರೊಂದು ರೂಪ ಮಾಡಿಕೊಂಡು, 2011ರಲ್ಲಿ ಅದನ್ನೂ ಎಲ್ಲರಿಗೆ ತೆರೆಯಿತು.

ಫ್ಲ್ಯಾಕ್ ಕಡತ ಸಾಮಾನ್ಯವಾಗಿ ಮೂಲದ ಅರ್ಧದಿಂದ ಮುಕ್ಕಾಲು ಗಾತ್ರಕ್ಕೆ ಇಳಿಯುತ್ತದೆ. ಬಿಚ್ಚಿದಾಗ ಒಂದು ಬಿಟ್ ಕೂಡ ಹೆಚ್ಚುಕಡಿಮೆಯಾಗಿಲ್ಲ ಎಂದು ತಾಳೆ ನೋಡುವ ಮುದ್ರೆಯೊಂದು ಅದರೊಳಗೇ ಇರುತ್ತದೆ. ಒಂಟಿ ವೀಣೆಯ ಆಲಾಪನೆ ಚೆನ್ನಾಗಿ ಕುಗ್ಗುತ್ತದೆ, ಅಬ್ಬರದ ಸಿನಿಮಾ ವಾದ್ಯಮೇಳ ಕುಗ್ಗಲು ಹಟ ಮಾಡುತ್ತದೆ. ಊಹೆಗೆ ಎಲ್ಲಕ್ಕಿಂತ ಸಗ್ಗದ್ದು ಹಳೆಯ ಪ್ಲೇಟಿನ ಚರಚರ ಸದ್ದು. ಗೌಹರ್ ಜಾನರ ಹಾಡನ್ನು ಲಾಸ್‌ಲೆಸ್ ಆಗಿ ಇಟ್ಟರೆ ಬಹುಪಾಲು ಬಿಟ್‌ಗಳು ವೆಚ್ಚವಾಗುವುದು ಆಕೆಯ ಕಂಠಕ್ಕಲ್ಲ, ಅರಗಿನ ಗೀರಿಗೆ.

ಅಂಕಿಗಳ ಪೈಪೋಟಿ

ಇಲ್ಲಿಗೆ ‘ಲಾಸ್‌ಲೆಸ್’ ಎಂಬುದರ ನಿಜವಾದ ವ್ಯಾಪ್ತಿ ಸ್ಪಷ್ಟವಾಗುತ್ತದೆ. ಧ್ವನಿಮುದ್ರಣ ಸಂಸ್ಥೆ ಕೊಟ್ಟ ಕಡತ ದಾರಿಯಲ್ಲಿ ಸೋರದೆ ಕೇಳುಗನ ಯಂತ್ರದವರೆಗೆ ಬಂತು ಎಂಬಷ್ಟಕ್ಕೇ ಅದು ಜವಾಬು ಹೇಳುತ್ತದೆ. ಆ ಕಡತ ಹೇಗಿತ್ತು ಎಂಬುದಕ್ಕಲ್ಲ. ಕಜಾಕಿಸ್ತಾನದ ಕಡೆಯ ತಂತಿವಾದ್ಯವೊಂದರ ಹೆಸರಿಟ್ಟುಕೊಂಡು 2007ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಕೋಬಜ್, ಆಮೇಲೆ ಬಂದ ಟೈಡಲ್, 2019ರ ಅಮೆಜಾನ್, 2021ರ ಆಪಲ್ ಎಲ್ಲವೂ ಸಿ.ಡಿ.ಯ ಮಟ್ಟವನ್ನು ಮುಟ್ಟಿದ ಮೇಲೆ ಪೈಪೋಟಿಗೆ ಉಳಿದದ್ದು ಅದಕ್ಕೂ ಮೇಲಿನ ಅಂಕಿಗಳು: 24 ಬಿಟ್, 192 ಕಿಲೋಹರ್ಟ್ಸ್.

ಈ ಪೈಪೋಟಿಯಲ್ಲಿ ನಡೆದ ಒಂದು ಪ್ರಸಂಗವನ್ನು ನೆನೆಯಬೇಕು. ಬ್ರಿಟನ್ನಿನ ಮೆರಿಡಿಯನ್ ಕಂಪನಿಯ ಬಾಬ್ ಸ್ಟುವರ್ಟ್ 2014ರಲ್ಲಿ ಎಂಕ್ಯೂಎ ಎಂಬ ಹೊಸ ರೂಪವನ್ನು ಹೊರತಂದರು. ಸ್ಟುಡಿಯೊದ ಮೂಲಪ್ರತಿಯೇ ಕೇಳುಗನ ಕೈಗೆ ಎಂಬುದು ಅದರ ಘೋಷಣೆ. ಟೈಡಲ್ 2017ರಿಂದ ಅದನ್ನು ತನ್ನ ಅತ್ಯುಚ್ಚ ದರ್ಜೆಯಾಗಿ ಮಾರಿತು. ಬಿಡಿಸಿ ನೋಡಿದವರು ಅದು ಬಿಟ್‌ಗೆ ಬಿಟ್ ಸರಿಹೊಂದುವ ಲಾಸ್‌ಲೆಸ್ ಅಲ್ಲವೆಂದು ತೋರಿಸಿಕೊಟ್ಟರು. 2023ರಲ್ಲಿ ಎಂಕ್ಯೂಎ ಕಂಪನಿ ಆರ್ಥಿಕ ಸಂಕಟಕ್ಕೆ ಸಿಕ್ಕಿ ಕೈಬದಲಾಯಿತು. 2024ರ ಜುಲೈಯಲ್ಲಿ ಟೈಡಲ್ ಅದನ್ನು ತೆಗೆದುಹಾಕಿ ಫ್ಲ್ಯಾಕ್‌ಗೆ ತಿರುಗಿತು. ಏಳು ವರ್ಷ ಅದನ್ನೇ ಶ್ರೇಷ್ಠವೆಂದು ಕೇಳಿದ ರಸಿಕರಲ್ಲಿ ಎಷ್ಟು ಜನಕ್ಕೆ ತಾವೇ ವ್ಯತ್ಯಾಸ ಕೇಳಿಸಿಕೊಳ್ಳಲಾಗಿತ್ತು ಎಂಬುದು ಕುತೂಹಲದ ಪ್ರಶ್ನೆ.

ಕಿವಿಯ ಪರೀಕ್ಷೆಗಳು ಇದಕ್ಕೆ ಒಂದಿಷ್ಟು ಉತ್ತರ ಕೊಡುತ್ತವೆ. ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಉನ್ನತ ದರ್ಜೆಯ ಧ್ವನಿಯನ್ನು ಹಾಗೆಯೇ ಒಮ್ಮೆ, ನಡುವೆ ಸಿ.ಡಿ. ಮಟ್ಟದ ಸೋಸಣಿಗೆ ಇಟ್ಟು ಒಮ್ಮೆ ಕೇಳಿಸಲಾಯಿತು. ಯಾವುದು ಯಾವುದೆಂದು ಕೇಳುಗರಿಗೆ ಹೇಳಿರಲಿಲ್ಲ. 554 ಯತ್ನಗಳಲ್ಲಿ ಸರಿಯುತ್ತರ 276, ಕಾಸು ಚಿಮ್ಮಿ ಹೇಳಿದರೂ ಬರುವಷ್ಟೇ. 2016ರಲ್ಲಿ ಜೋಶುವಾ ರೀಸ್ ಇಂಥ 18 ಅಧ್ಯಯನಗಳ ಫಲಿತಾಂಶವನ್ನು ಒಟ್ಟು ಹಾಕಿದಾಗ ಸರಿಯುತ್ತರದ ಪ್ರಮಾಣ ಶೇಕಡ 52.3. ವ್ಯತ್ಯಾಸ ಇಲ್ಲವೇ ಇಲ್ಲವೆನ್ನಲಾಗದು, ಇದೆಯೆಂದು ಸಂಭ್ರಮಿಸುವಷ್ಟೂ ಇಲ್ಲ. ಅಷ್ಟಕ್ಕೆ ತೆರಬೇಕಾದ ಬೆಲೆ ಮಾತ್ರ ಗಣನೀಯ. 320 ಕಿಲೋಬಿಟ್‌ನ ಹಾಡು ಗಂಟೆಗೆ 144 ಮೆಗಾಬೈಟ್ ಡೇಟಾ ತಿಂದರೆ ಸಿ.ಡಿ. ಮಟ್ಟದ ಫ್ಲ್ಯಾಕ್ ಸುಮಾರು 400 ತಿನ್ನುತ್ತದೆ; 24 ಬಿಟ್, 192 ಕಿಲೋಹರ್ಟ್ಸಿನದಾದರೆ ಎರಡು ಗಿಗಾಬೈಟನ್ನೂ ದಾಟಬಹುದು. ಮೊಬೈಲಿನ ದಿನದ ಡೇಟಾ ಒಂದು ಕಛೇರಿಗೇ ಮುಗಿದಂತೆ.

ಇಷ್ಟು ಖರ್ಚು ಮಾಡಿ ತರಿಸಿಕೊಂಡ ಸಂಗೀತವನ್ನು ಬಹಳ ಮಂದಿ ತಂತಿಯಿಲ್ಲದ ಬ್ಲೂಟೂತ್ ಇಯರ್‌ಫೋನಿನಲ್ಲಿ ಕೇಳುತ್ತಾರೆ. ಸಾಮಾನ್ಯ ಬ್ಲೂಟೂತ್ ಕೊನೆಯ ಮೂರು ಅಡಿಯಲ್ಲಿ ಧ್ವನಿಯನ್ನು ಮತ್ತೆ ಹಿಂಡುತ್ತದೆ. ಅಲ್ಲಿ ಲಾಸ್‌ಲೆಸ್ ಉಳಿಯುವುದಿಲ್ಲವೆಂದು ಆಪಲ್ ತಾನೇ ತನ್ನ ಗ್ರಾಹಕರಿಗೆ ತಿಳಿಸಿದೆ. ತಂತಿಯಿರುವ ಒಳ್ಳೆಯ ಹೆಡ್‌ಫೋನು ಅಥವಾ ಸ್ಪೀಕರಿಲ್ಲದ ಮನೆಯಲ್ಲಿ ಈ ಆಯ್ಕೆಗೆ ತಲೆ ಕೆಡಿಸಿಕೊಳ್ಳುವುದು ವ್ಯರ್ಥ.

ದಾರಿಯ ಆ ತುದಿಯಲ್ಲಿ ಆಗುವ ನಷ್ಟ ಇನ್ನೂ ದೊಡ್ಡದು. 2008ರಲ್ಲಿ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ, ಜೋರಾಗಿ ಕೇಳಿಸಲೆಂದು ಧ್ವನಿಯ ಏರಿಳಿತವನ್ನೆಲ್ಲ ಒತ್ತಿಬಿಟ್ಟಿದ್ದಾರೆಂದು ಅಭಿಮಾನಿಗಳೇ ಕೂಗೆಬ್ಬಿಸಿದರು. ಅದೇ ಹಾಡುಗಳು ವಿಡಿಯೊ ಆಟವೊಂದರಲ್ಲಿ ಇದಕ್ಕಿಂತ ಚೆನ್ನಾಗಿ ಕೇಳಿಸುತ್ತಿದ್ದವು. ಒತ್ತಿಹೋದ ಧ್ವನಿಯನ್ನು ಲಾಸ್‌ಲೆಸ್ ಸೇವೆ ಒತ್ತಿಹೋದಂತೆಯೇ ನಿಷ್ಠೆಯಿಂದ ತಲುಪಿಸುತ್ತದೆ. ಭಾರತೀಯ ಸಂಗೀತದಲ್ಲಿ ಇದಕ್ಕೆ ಬೇರೆ ರೂಪಗಳಿವೆ. ಹಳೆಯ ಪ್ಲೇಟುಗಳೆಲ್ಲ ನಿಮಿಷಕ್ಕೆ ಸರಿಯಾಗಿ 78 ಸುತ್ತಿನಲ್ಲಿ ಮುದ್ರಿತವಾದವಲ್ಲ. 74ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ಓಡಿಸಿ ಡಿಜಿಟಲ್ ಮಾಡಿದರೆ ಶ್ರುತಿ ಹೆಚ್ಚುಕಡಿಮೆ ಒಂದು ಸ್ವರಸ್ಥಾನದಷ್ಟು ಏರುತ್ತದೆ, ಲಯ ಓಡುತ್ತದೆ. ಚರಚರ ಸದ್ದನ್ನು ತೆಗೆಯಲು ಹೋಗಿ ಗಮಕದ ನಯವನ್ನೇ ಉಜ್ಜಿಹಾಕಿದ ಮರುಮುದ್ರಣಗಳೂ ಉಂಟು. 24 ಬಿಟ್ ಎಂಬ ಚೀಟಿ ಇಂಥದ್ದರ ಮೇಲೂ ಅಂಟಬಹುದು.

ಆದ್ದರಿಂದ ಆಯ್ಕೆ ಮಾಡುವವನು ಸಿ.ಡಿ. ಮಟ್ಟ ಮುಟ್ಟಿದ ಯಾವ ಸೇವೆಯನ್ನಾದರೂ ಗುಣದ ದೃಷ್ಟಿಯಿಂದ ಸಮವೆಂದೇ ಎಣಿಸಿ, ನೋಡಬೇಕಾದದ್ದನ್ನು ಬೇರೆಡೆ ನೋಡಬೇಕು. ತನಗೆ ಬೇಕಾದ ಹತ್ತು ಮುದ್ರಣಗಳು ಅಲ್ಲಿವೆಯೇ? ಇದ್ದರೆ ಯಾವ ಮುದ್ರಣ, ಯಾವ ವರ್ಷದ್ದು? ಎಲ್‌ಪಿಯ ಹೊದಿಕೆಯ ಮೇಲೆ ರಾಗ, ತಾಳ, ಪಕ್ಕವಾದ್ಯದವರ ಹೆಸರೆಲ್ಲ ಇರುತ್ತಿತ್ತು. ಮೃದಂಗ ನುಡಿಸಿದವರು ಯಾರೆಂದೇ ತಿಳಿಯದ ಕಛೇರಿಗಳು ಈ ಸೇವೆಗಳಲ್ಲಿ ರಾಶಿ ಬಿದ್ದಿವೆ. ಕೋಬಜ್ ಮತ್ತು ಟೈಡಲ್ ಎಲ್ಲ ದೇಶಗಳಲ್ಲೂ ದೊರೆಯುವುದಿಲ್ಲ ಎಂಬುದೂ ನೆನಪಿರಲಿ. ಜೊತೆಗೆ ಇಲ್ಲಿ ಕೊಳ್ಳುವುದು ಹಾಡನ್ನಲ್ಲ, ಕೇಳುವ ಬಾಡಿಗೆ ಹಕ್ಕನ್ನು. ಭಾರತದಲ್ಲಿ ರೆಸ್ಸೋ 2024ರ ಜನವರಿಯಲ್ಲಿ ಬಾಗಿಲು ಹಾಕಿತು. ಏರ್‌ಟೆಲ್‌ನ ವಿಂಕ್ ಅದೇ ವರ್ಷ ಮುಚ್ಚಿತು. ವರ್ಷಗಟ್ಟಲೆ ಕೂಡಿಸಿದ ಪಟ್ಟಿಗಳನ್ನು ಜನ ಬೇರೆಡೆಗೆ ಸಾಗಿಸಬೇಕಾಯಿತು. ತೀರ ಬೇಕಾದ ಮುದ್ರಣವನ್ನು ಸಿ.ಡಿ.ಯಾಗಿಯೋ ಕೊಂಡ ಫ್ಲ್ಯಾಕ್ ಕಡತವಾಗಿಯೋ ಮನೆಯಲ್ಲಿ ಇಟ್ಟುಕೊಳ್ಳುವುದು ಹಳೆಯ ಕಾಲದ ಬುದ್ಧಿಯಾದರೂ ಕೆಟ್ಟದ್ದಲ್ಲ.

ಯಾವ ಸೇವೆಯಲ್ಲೂ ಇಲ್ಲದ ಸಂಗೀತದ ಮಾತು ಉಳಿಯಿತು. 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೊ ಆವರಣದಲ್ಲಿ ಬಿದ್ದ ಬೆಂಕಿಯಲ್ಲಿ ಅಪಾರ ಮೂಲ ಟೇಪುಗಳು ಸುಟ್ಟುಹೋದ ಸಂಗತಿ ಲೋಕಕ್ಕೆ ವಿವರವಾಗಿ ತಿಳಿದದ್ದು 2019ರಲ್ಲಿ. ಬೆಂಕಿಯೇ ಬೇಕೆಂದಿಲ್ಲ, ತೇವ ಮತ್ತು ಬೂಷ್ಟು ಸಾಕು. ಕ್ಯಾಸೆಟ್ ಯುಗದಲ್ಲಿ ಕರ್ನಾಟಕದ ಸಣ್ಣಪುಟ್ಟ ಊರುಗಳಲ್ಲಿ ಮುದ್ರಣಗೊಂಡ ತತ್ವಪದ, ರಂಗಗೀತೆ, ಯಕ್ಷಗಾನದ ಪ್ರಸಂಗಗಳಲ್ಲಿ ಮರುಮುದ್ರಣ ಕಾಣದೆ ಟೇಪಿನಲ್ಲೇ ಉಳಿದವು ಎಷ್ಟೋ. ವಿಕ್ರಂ ಸಂಪತ್ ಬೆಂಗಳೂರಿನಲ್ಲಿ ಕಟ್ಟಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ ಪ್ಲೇಟುಗಳನ್ನು ಡಿಜಿಟಲ್ ಮಾಡಿ ಎಲ್ಲರಿಗೂ ಕೇಳಿಸುವ ಕೆಲಸ ಮಾಡಿದೆ. ಮನೆಗಳ ಅಟ್ಟದ ಮೇಲಿರುವ ಕ್ಯಾಸೆಟ್ಟುಗಳ ಸರದಿ ಇನ್ನೂ ಬರಬೇಕು. ಧ್ವನಿ ದಾಖಲೆಗಳ ಅಂತರರಾಷ್ಟ್ರೀಯ ಸಂಘ ಇಂಥ ಕೆಲಸಕ್ಕೆ ಕನಿಷ್ಠ 24 ಬಿಟ್, 48 ಕಿಲೋಹರ್ಟ್ಸ್, ಸಾಧ್ಯವಾದರೆ 96 ಕಿಲೋಹರ್ಟ್ಸ್ ಇರಲಿ ಎನ್ನುತ್ತದೆ. ಕೇಳುಗನ ಕೋಣೆಯಲ್ಲಿ ಅಷ್ಟೇನೂ ಪ್ರಯೋಜನವಿಲ್ಲದ ದೊಡ್ಡ ಅಂಕಿಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಶ್ರುತಿ ತಿದ್ದಲು, ಸದ್ದು ಸೋಸಲು ಮುಂದಿನವರಿಗೆ ಅವಕಾಶ ಬೇಕು, ಮತ್ತು ಬೂಷ್ಟು ಹಿಡಿದ ಟೇಪು ಯಂತ್ರದ ಮೇಲೆ ಎರಡನೆಯ ಸಲ ಓಡದೆ ಹೋಗಬಹುದು.